ಹೆಸರಿಲ್ಲದ ಸುತ್ತು

ಹಿಟ್ಟು ಬಿಸಿಯಾಗುತ್ತಿದೆ, ಬೆರಳ ತುದಿಗೇ ಗೊತ್ತಾಗುತ್ತದೆ, ಕಲ್ಲು ಬಿಗಿಯಾಗಿದೆ, ತಿರುಪನ್ನು ಅರ್ಧ ಸುತ್ತು ಸಡಿಲ ಬಿಡಬೇಕು, ಇಲ್ಲದಿದ್ದರೆ ಸುಟ್ಟ ವಾಸನೆ ಹತ್ತಿ ನಾಳೆ ಯಾವಳೋ ಒಬ್ಬಳು ಬಾಗಿಲಲ್ಲಿ ನಿಂತು ಬಾಯಿ ಮಾಡುತ್ತಾಳೆ, ಏ ಗಿರಣಿಯಪ್ಪಾ, ನಿನ್ನ ಹಿಟ್ಟಿನಾಗ ಜಿಗಿನ ಇಲ್ಲಲ್ಲೋ, ರೊಟ್ಟಿ ಬಡಿದ್ರ ಅಂಚೆಲ್ಲಾ ಹರೀತಾವು – ಹರಿಯುತ್ತವೆ ತಾಯಿ, ಕರೆಂಟಿನ ಕಲ್ಲು ಇದು, ಕೈಯ ಹದ ಇದಕ್ಕೆ ಎಲ್ಲಿಂದ ಬರಬೇಕು – ಗಿರಣಿಯಪ್ಪ, ಎರಡು ವರ್ಷದಿಂದ ಕುಷ್ಟಗಿಯಲ್ಲಿ ನನಗೆ ಇದೇ ಹೆಸರು, ಮೂವತ್ತೇಳು ವರ್ಷದ ಗಂಡಸು, ತಲೆಗೆ ಟವೆಲ್ಲು, ರೆಪ್ಪೆಯ ಮೇಲೆ ಜೋಳದ ಹಿಟ್ಟು, ಡಾಕ್ಟರ್ ಗ್ಯಾನಪ್ಪ ಎಂಬವನು ಗಿರಣಿಯ ಹಿಂದಿನ ನನ್ನ ಕೋಣೆಯ ಟ್ರಂಕಿನೊಳಗೆ ನುಸಿಗುಳಿಗೆ ಜೊತೆ ಮಲಗಿದ್ದಾನೆ, ಕಪ್ಪು ರಟ್ಟು, ಬಂಗಾರದ ಅಕ್ಷರ, ನಾಲ್ಕುನೂರ ಹದಿನೆಂಟು ಪುಟದ ಪಿಎಚ್.ಡಿ. ಪ್ರಬಂಧ. ಮಾಲೀಕ ಹಾಜಿಸಾಬನಿಗೂ ಮೊದಲ ಆರು ತಿಂಗಳು ಗೊತ್ತಿರಲಿಲ್ಲ, ಎಷ್ಟ ಕಲ್ತೀಯೋ ಅಂದಾಗ ಎಸ್ಸೆಸ್ಸೆಲ್ಸಿ ಅಂದಿದ್ದೆ, ಸುಳ್ಳೇನಲ್ಲ, ಅದನ್ನೂ ಕಲಿತಿದ್ದೇನೆ, ಆಮೇಲೆ ಯಾರೋ ಹೇಳಿ ತಿಳಿದಾಗ ಅವನು ನಗಲಿಲ್ಲ, ದೊಡ್ಡ ಮನುಷ್ಯ, ನನ್ನ ಎರಡೂ ಅಂಗೈ ಹೊರಳಿಸಿ ನೋಡಿದ, ಹುಷಾರ್ ಡಾಕ್ಟರ್ ಸಾಬ, ಕಲ್ತವ್ರು ಯೋಚ್ನಿ ಮಾಡ್ಕೊಂತ ನಿಂದರ್ತಾರ, ಪಟ್ಟಾಕ್ಕ ಯೋಚ್ನಿ ಇಲ್ಲ, ಕೈ ಎಳಕೊಂಡ ಬಿಡತೈತಿ – ಸರಿ, ಯೋಚಿಸಬಾರದು, ಮೋಟರಿನ ಪಟ್ಟಾದ ಮೇಲೆ ಕಣ್ಣಿಡು, ಗ್ಯಾನಪ್ಪ, ಬಾಗಿಲ ಕಡೆ ನೋಡಬೇಡ – ಆದರೆ ನೋಡದೆ ಹೇಗಿರಲಿ, ಹೆಂಗಸರ ಪಾಳಿಯಲ್ಲಿ ಕೊನೆಯ ಬುಟ್ಟಿ, ಹಸಿರು ಸೀರೆಯ ಹರಕಿನಿಂದ ಬಾಯಿ ಕಟ್ಟಿದ್ದು, ಅದರ ಹಿಂದೆ ಮೊಣಕಾಲೆತ್ತಿ ಕೂತವಳು ನನ್ನ ಅಕ್ಕ, ಹಂಪವ್ವ, ಎರಡು ವರ್ಷದಲ್ಲಿ ಒಂದು ದಿನವೂ ಈ ಹೊಸ್ತಿಲು ತುಳಿಯದವಳು, ನಾಲ್ಕು ವರ್ಷದಿಂದ ನನ್ನ ಹೆಸರು ಹಿಡಿದು ಕರೆಯದವಳು. ಇವತ್ತು ಬಂದಿದ್ದಾಳೆ. ಬಂದವಳು ಏ ಇವನ, ನಂದೊಂದು ಬುಟ್ಟಿ ಐತಿ ನೋಡು, ಅಂದಳು, ಅಷ್ಟೇ, ಇವನ. ಒಂದೇ ಒಂದು ಸಲ ಗ್ಯಾನ್ಯಾ ಅಂದುಬಿಟ್ಟರೆ ನನ್ನ ಉಳಿದ ಆಯುಷ್ಯವನ್ನೆಲ್ಲ ಈ ಕಲ್ಲಿನ ಮುಂದೆಯೇ ಕಳೆಯುತ್ತೇನೆ, ನನಗೆ ಬೇರೆ ಏನೂ ಬೇಡ.

ಕಾಳು ಕಡಿಮೆಯಾಗುತ್ತಿದೆ, ಇನ್ನೊಂದು ಬುಟ್ಟಿ ಸುರಿ, ಹಾಂ, ಇದು ಹುಸೇನಬೀಯದು, ಅಕ್ಕನ ಪಕ್ಕದ ಮನೆಯವಳು, ಮೂವತ್ತು ವರ್ಷ ಅವರಿಬ್ಬರೂ ಒಂದೇ ಬೀಸುವ ಕಲ್ಲಿನ ಎದುರುಬದುರು ಕೂತವರು, ಒಂದೇ ಗೂಟಕ್ಕೆ ಇಬ್ಬರ ಕೈ, ಅಕ್ಕ ಒಂದು ನುಡಿ ಎತ್ತಿದರೆ ಇವಳು ಮುಂದಿನದು, ಬೆಳಗಿನ ಜಾವ ನನಗೆ ಎಚ್ಚರವಾಗುತ್ತಿದ್ದುದೇ ಆ ಸದ್ದಿಗೆ, ಘರ್ ಘರ್ ಎಂದು ನೆಲದೊಳಗಿಂದ ಬೆನ್ನಿಗೆ ಹತ್ತುವ ಸದ್ದು, ಅದರ ಮೇಲೆ ಅಕ್ಕನ ದನಿ. ಅವ್ವ ಸತ್ತಾಗ ನನಗೆ ಮೂರು, ಅಕ್ಕನಿಗೆ ಹದಿನಾಲ್ಕು, ಗಂಡನ ಮನೆಗೆ ಬರುವಾಗ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬಂದಳಂತೆ, ಮದಲಗಿತ್ತಿ ಕೂಸು ಹೊತ್ಕೊಂಡ ಬಂದಾಳ ಅಂತ ಓಣಿಯೆಲ್ಲ ನಕ್ಕಿತಂತೆ, ಭಾವ ಕಲ್ಲಿನ ಖಣಿಯಲ್ಲಿ ತೀರಿಹೋದ ಮೇಲೆ ಅವಳು ಮಂದಿಯ ಮನೆಯ ಜೋಳ ಬೀಸಿ ಕೊಟ್ಟು ನನ್ನನ್ನು ಓದಿಸಿದಳು, ಸೇರಿಗಿಷ್ಟು ಅಂತ ಕಾಳು, ಆ ಕಾಳಿನಲ್ಲಿ ನನ್ನ ಪಾಟಿ, ನನ್ನ ಚಡ್ಡಿ, ಕೊಪ್ಪಳದ ಹಾಸ್ಟೆಲ್ಲಿನ ಟ್ರಂಕು. ಹಾಡಿನೊಳಗೆ ಹೆಸರು ಹಾಕುವುದು ಇವರ ರೂಢಿ, ಪದ ಎಲ್ಲರದೂ, ಹೆಸರು ಅವರವರದು, ಅಣ್ಣನೋ ತಮ್ಮನೋ ಮಗನೋ, ಬೀಸುವವಳಿಗೆ ಯಾರು ಹೆಚ್ಚೋ ಅವರ ಹೆಸರು ಅಲ್ಲಿ ಬಂದು ಕೂರುತ್ತದೆ, ಅಕ್ಕನ ಪದದಲ್ಲೆಲ್ಲ ನಾನೇ – ಮಂದಿ ಜ್ವಾಳ ಬೀಸೀನ ಮೂಡಲ ಬೆಳಗಾಗಿ, ಸಾಲಿ ಕಲ್ತು ಮನಿಗಿ ಬಾರಪ್ಪ, ಗ್ಯಾನಪ್ಪ, ಕಲ್ಲ ತೊಳದಿಟ್ಟು ಕಾದೇನ – ಬಲಗೈ ಗೂಟದ ಮೇಲೆ ತಿರುಗುತ್ತಿರುತ್ತದೆ, ಎಡಗೈಯಲ್ಲಿ ಒಂದು ಹಿಡಿ ಜೋಳ, ಗ್ಯಾನಪ್ಪ ಅನ್ನುವಾಗಲೇ ಆ ಮುಷ್ಟಿ ಬಿಚ್ಚುತ್ತದೆ, ಕಾಳು ಕಲ್ಲಿನ ಬಾಯಿಗೆ ಬೀಳುತ್ತದೆ, ಹೆಸರಿಗೂ ಕಾಳಿಗೂ ತಪ್ಪುವುದೇ ಇಲ್ಲ. ನನ್ನ ಹೆಸರು ಕೇಳಿದರೆ ನನಗೆ ಈಗಲೂ ಕಾಳು ಬೀಳುವ ಸದ್ದು ಕೇಳುತ್ತದೆ, ಕಾಲೇಜಿನಲ್ಲಿ ಹಾಜರಿ ಕೂಗುವಾಗಲೂ ಕೇಳುತ್ತಿತ್ತು. ಎಪ್ಪತ್ತಾರರಲ್ಲಿ ಸಂಶೋಧನೆಗೆಂದು ವಿಶ್ವವಿದ್ಯಾಲಯದ ವಿಭಾಗದ ಟೇಪ್ ರಿಕಾರ್ಡರ್ ಎರವಲು ತಂದು ಅವರ ಎದುರಿಗಿಟ್ಟಾಗ ಹುಸೇನಬೀ ಸೆರಗು ಸರಿಮಾಡಿಕೊಂಡಿದ್ದಳು, ಅದು ನಮ್ಮನ್ನ ನೋಡತೈತೇನೋ ಅಂತ, ಅಕ್ಕ ಮಾತ್ರ ಅದರ ಮೂತಿಯ ಹತ್ತಿರ ಬಾಗಿ, ಇದು ನನ್ನ ತಮ್ಮ ಗ್ಯಾನಪ್ಪನ ಸಲುವಾಗಿ ಹೇಳೂ ಪದ, ಛಲೋತ್ನಾಗಿ ಕೇಳಸ್ಕೊ, ಎಂದು ಯಂತ್ರಕ್ಕೆ ತಾಕೀತು ಮಾಡಿದ್ದಳು. ಮೂರು ಬೇಸಿಗೆ, ಮುನ್ನೂರ ಹನ್ನೆರಡು ಪದ. ಒಂದು ದಿನ ಹುಸೇನಬೀಯ ಸರದಿ ಬಂದಾಗ ಹೆಸರಿನ ಜಾಗದಲ್ಲಿ ಅವಳು ಬಾಯಿ ಮುಚ್ಚಿದಳು, ಕಾಳೂ ಹಾಕಲಿಲ್ಲ, ಕಲ್ಲು ಕಲ್ಲಿಗೇ ಉಜ್ಜಿ ಕರ್ರೆಂದು ಒಂದು ಸುತ್ತು ಬಂತು, ನನ್ನ ಹಲ್ಲೆಲ್ಲ ಜುಮ್ಮೆಂದವು, ಯಾಕಬೇ ಅಂತ ಕೇಳಿದೆ, ನಮ್ಮಣ್ಣ ಬಾವಿ ತೋಡಾಕ ಹೋಗಿ ಮಣ್ಣ ಕುಸದು ಸತ್ತನಪ್ಪ, ಇಲ್ಲದವರ ಹೆಸರು ಹೆಂಗ ಹಾಕ್ಲಿ, ಇಲ್ಲದವರ ಕಾಳು ಹೆಂಗ ಹಾಕ್ಲಿ, ಬರೀ ಸುತ್ತು ಬಿಡಬೇಕು, ಅಂದಳು. ನಾನು ಕಣ್ಣೊರೆಸಿಕೊಳ್ಳಲಿಲ್ಲ, ಪೆನ್ನು ತೆಗೆದೆ. ಮೂರನೇ ಅಧ್ಯಾಯ, ನೂರ ನಲವತ್ತೆರಡನೇ ಪುಟ: ಸೋದರನು ಮೃತನಾದ ಪಕ್ಷದಲ್ಲಿ ಗಾಯಕಿಯು ಹೆಸರಿನ ಸ್ಥಾನವನ್ನು ಖಾಲಿ ಬಿಟ್ಟು, ಕಾಳು ಹಾಕದೆ, ಕಲ್ಲನ್ನು ಒಂದು ಸುತ್ತು ಬರಿದೇ ತಿರುಗಿಸುವ ರೂಢಿಯಿದೆ. ಮಾರ್ಗದರ್ಶಕರು ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಬರೆದರು, ಉತ್ತಮ ಶೋಧ.

ಅದೇ ಕೆಂಪು ಪೆನ್ನು ನಾಲ್ಕನೇ ಅಧ್ಯಾಯಕ್ಕೆ ಬಂದಾಗ ಎಲ್ಲ ಗ್ಯಾನಪ್ಪಗಳ ಮೇಲೂ ಗೀಟು ಎಳೆಯಿತು, ಏನ್ರಿ ಇದು, ಪ್ರತಿ ಪದದಲ್ಲೂ ನಿಮ್ಮದೇ ಹೆಸರು, ಪರೀಕ್ಷಕರು ಓದಿದರೆ ನಗೋದಿಲ್ಲವಾ, ವ್ಯಕ್ತಿನಾಮ ತೆಗೀರಿ, ಚುಕ್ಕಿ ಹಾಕಿ, ಪಾಠ ಸಾರ್ವತ್ರಿಕ ಆಗಬೇಕು, ನಾಳೆ ನೌಕರಿಗೆ ಹೋಗೋರು ನೀವು – ನೌಕರಿ, ಆ ಒಂದು ಮಾತು, ಆ ಮಾತಿಗೆ ನಾನು ಏನು ಬೇಕಾದರೂ ತೆಗೆಯುತ್ತಿದ್ದೆ – ಹೌದು ಸರ್ ಅಂದೆ, ಹೂಂ ಸರ್ ಅಂದೆ, ಬೆರಳಚ್ಚಿನವನ ಪಕ್ಕ ಕೂತು ಒಂದೊಂದೇ ಪುಟಕ್ಕೆ ನಾನೇ ಹೇಳಿದೆ, ಇಲ್ಲಿ ಮೂರು ಚುಕ್ಕಿ, ಇಲ್ಲಿ ಮೂರು ಚುಕ್ಕಿ, ಟಕ್ ಟಕ್ ಟಕ್, ನೂರ ನಲವತ್ತೆರಡನೇ ಪುಟವನ್ನು ಬರೆದವನೇ ಹೇಳಿದ್ದು, ಎಂಥ ಕತ್ತೆಯಪ್ಪ ನೀನು, ನಿನ್ನ ಶೋಧ ನಿನಗೇ ಓದಲಿಕ್ಕೆ ಬರಲಿಲ್ಲ. ಎಪ್ಪತ್ತೊಂಬತ್ತರ ಸಂಕ್ರಾಂತಿ ಮುಗಿದ ವಾರ ಪುಸ್ತಕ ಹೊತ್ತು ಕುಷ್ಟಗಿ ಬಸ್ಸಿಳಿದೆ, ಅಕ್ಕ ರಟ್ಟು ಮುಟ್ಟುವ ಮೊದಲು ಕೈ ತೊಳೆದುಕೊಂಡಳು, ಹುಸೇನಬೀಯನ್ನು ಕೂಗಿ ಕರೆದಳು, ಬಾರಬೇ, ನಮ್ಮ ಪದ ಅಚ್ಚಾಗಿ ಬಂದಾವ, ಗ್ಯಾನ್ಯಾ ಓದತಾನ, ಇಬ್ಬರೂ ಕಲ್ಲಿನ ಆಚೆ ಈಚೆ ತಮ್ಮ ತಮ್ಮ ಜಾಗದಲ್ಲೇ ಕೂತರು, ಬಾಗಿಲಿನಿಂದ ಮಧ್ಯಾಹ್ನದ ಬಿಸಿಲು ಒಳಗೆ ಬಂದಿತ್ತು, ನಾನು ಗಂಟಲು ಸರಿಮಾಡಿಕೊಂಡು ಓದಿದೆ, ಮಂದಿ ಜ್ವಾಳ ಬೀಸೀನ ಮೂಡಲ ಬೆಳಗಾಗಿ, ಸಾಲಿ ಕಲ್ತು ಮನಿಗಿ ಬಾರಪ್ಪ – ಅಲ್ಲಿ ಚುಕ್ಕಿ ಬಂತು, ನಾನು ನಿಲ್ಲಿಸಿದೆ, ಒಂದು ಉಸಿರಿನಷ್ಟು, ಚುಕ್ಕಿಯಿದ್ದಲ್ಲಿ ಹೇಗೆ ನಿಲ್ಲಿಸಬೇಕೋ ಹಾಗೆ, ಶುದ್ಧ ಪಾಠ – ಕಲ್ಲ ತೊಳದಿಟ್ಟು ಕಾದೇನ. ಹೇಳಿಬಿಡಬಹುದಿತ್ತಲ್ಲ. ಅವಳಿಗೆ ಓದಲು ಬರುವುದಿಲ್ಲ, ಹುಸೇನಬೀಗೂ ಬರುವುದಿಲ್ಲ, ಬಾಯಿಗೆ ಬಂದಿದ್ದ ಗ್ಯಾನಪ್ಪ ಎಂಬ ಮೂರಕ್ಷರವನ್ನು ಹಾಗೇ ಹೊರಗೆ ಬಿಟ್ಟಿದ್ದರೆ ಯಾವ ಪರೀಕ್ಷಕ ಬಂದು ನನ್ನ ಕೈ ಹಿಡಿಯುತ್ತಿದ್ದ, ಬರೆದದ್ದನ್ನು ಬರೆದ ಹಾಗೇ ಓದುವುದಷ್ಟೇ ಕಲಿತಿದ್ದೆ, ಹಾಗೇ ಓದಿದೆ. ಅಕ್ಕನ ಎಡಗೈ ತೊಡೆಯ ಮೇಲಿತ್ತು, ಹಾಡು ಕೇಳುತ್ತ ತನ್ನಷ್ಟಕ್ಕೆ ಮುಷ್ಟಿಯಾಗಿತ್ತು, ಹೆಸರಿನ ಜಾಗ ಬಂದು ಹೋಯಿತು, ಮುಷ್ಟಿ ಬಿಚ್ಚಲಿಲ್ಲ. ಅಲ್ಲ್ಯಾಕೋ ಬಾಯಿ ಮುಚ್ಚಿದಿ ಗ್ಯಾನ್ಯಾ, ಅಂದಳು. ಅಲ್ಲಿ ಚುಕ್ಕಿ ಅದಾವಕ್ಕ, ಅಂದೆ. ಎಲ್ಲಾ ಪದದಾಗೂ? ಎಲ್ಲಾದರಾಗೂ, ಅದು ನಿಯಮ. ಅಳಸಾಕ ಬರಂಗಿಲ್ಲೇನು? ಬರಂಗಿಲ್ಲಕ್ಕ, ಅಚ್ಚಾಗೇತಿ, ಐದು ಪ್ರತಿ. ಹುಸೇನಬೀ ಯಾ ಅಲ್ಲಾ ಎಂದು ಬಾಯಿಗೆ ಸೆರಗು ಹಚ್ಚಿದಳು, ಅಕ್ಕ ಎದ್ದು ಹೋಗಿ ರೊಟ್ಟಿ ಬಡಿದಳು, ನನಗೆ ಬಡಿಸಿದಳು, ಉಣ್ಣು ಅಂದಳು, ಉಣ್ಣೋ ಗ್ಯಾನ್ಯಾ ಅನ್ನಲಿಲ್ಲ. ಅವತ್ತಿನಿಂದ ಪದವೂ ನಿಂತಿತು. ಸಿಟ್ಟು, ಅಂದುಕೊಂಡೆ, ಎಷ್ಟು ದಿನದ ಸಿಟ್ಟು, ಒಂದು ನೌಕರಿ ಸಿಕ್ಕಲಿ, ಒಂದು ರೇಷ್ಮೆ ಸೀರೆ ತಂದು ಕಾಲಿಗೆ ಬಿದ್ದರಾಯಿತು.

ನೌಕರಿ, ಹ್ಞೂಂ – ಹುಷಾರು, ಪಟ್ಟಾ ಅಲುಗುತ್ತಿದೆ, ಕರೆಂಟು ಏರಿಳಿತ, ಗಂಗಾವತಿ ಕಡೆ ಭತ್ತಕ್ಕೆ ನೀರೆತ್ತುವ ಪಂಪು ಶುರುವಾದರೆ ನಮ್ಮಲ್ಲಿ ಕಲ್ಲು ನಿಧಾನವಾಗುತ್ತದೆ ಅನ್ನುತ್ತಾನೆ ಹಾಜಿಸಾಬ, ನಿಜವೋ ಸುಳ್ಳೋ – ಕೊಪ್ಪಳದ ಕಾಲೇಜಿನಲ್ಲಿ ಒಂದು ವರ್ಷ ಹಂಗಾಮಿ, ತಾಸಿನ ಲೆಕ್ಕದಲ್ಲಿ ಪಾಠ, ಕಾಯಂ ಅಭ್ಯರ್ಥಿ ಬಂದ ದಿನ ನನ್ನ ಸೀಮೆಸುಣ್ಣದ ಡಬ್ಬಿಯನ್ನು ಅವನ ಕೈಗೇ ಕೊಟ್ಟು ಬಂದೆ. ಆಮೇಲೆ ಸಂದರ್ಶನಗಳು, ಇಸ್ತ್ರಿ ಅಂಗಿ ಒಂದೇ ಇತ್ತು, ದೊಡ್ಡ ಮೇಜಿನ ಆಚೆ ಐದು ಜನ, ತಂದೆ ಏನು ಮಾಡ್ತಾರೆ, ತಂದೆ ಇಲ್ಲ ಸರ್, ಅಕ್ಕ ಬೀಸ್ತಾಳೆ, ಓಹೋ, ಬೀಸೋ ಪದದ ಮೇಲೆ ಡಾಕ್ಟರೇಟ್, ಹಾಗಾದರೆ ಬೀಸಲಿಕ್ಕೂ ಬರುತ್ತದೇನ್ರಿ ನಿಮಗೆ – ನಕ್ಕರು, ಐದೂ ಜನ, ನಾನೂ ನಕ್ಕೆ, ಅದೇ, ನಾನೂ ನಕ್ಕೆನಲ್ಲ, ಆ ನಗು ನೆನಪಾದರೆ ಬಾಯಿ ಕಹಿಯಾಗುತ್ತದೆ – ಬರುತ್ತದೆ ಸರ್, ಈಗ ಬರುತ್ತದೆ, ಬಂದು ನೋಡಿ, ತಾಸಿಗೆ ಒಂದೂವರೆ ಚೀಲ ಬೀಸುತ್ತೇನೆ. ಗಂಗಾವತಿಯ ಭತ್ತದ ವಲಸೆಗಾರರ ಕ್ಯಾಂಪಿನ ಕಡೆ ಔಷಧ-ಗೊಬ್ಬರದ ಅಂಗಡಿಗೆ ಹೋದೆ, ಮೇನೇಜರು ಸರ್ಟಿಫಿಕೇಟು ನೋಡಿ ಎದ್ದು ನಿಂತು ಕುರ್ಚಿ ಕೊಟ್ಟ, ಚಹಾ ತರಿಸಿದ, ಇಂಥವರಿಗೆ ನಾ ಹೆಂಗ ಚೀಲ ಹೊರಸ್ಲಿ ಸಾರ್ ಅಂದ, ಚಹಾ ಕುಡಿದು ಬಂದೆ. ಯಲಬುರ್ಗಾದಲ್ಲಿ ಒಬ್ಬರ ಮಕ್ಕಳಿಗೆ ಮನೆಪಾಠ, ಮಳೆಗಾಲಕ್ಕೆ ಅದೂ ನಿಂತಿತು. ಸರ್ಟಿಫಿಕೇಟನ್ನು ಮನೆಯಲ್ಲಿಟ್ಟು ಬರಿಗೈಲಿ ಬಂದ ದಿನವೇ ಹಾಜಿಸಾಬ ಕೆಲಸ ಕೊಟ್ಟ. ಒಂದು ಆಸೆ ಉಳಿದಿತ್ತು, ಪದ ತುಂಬಿಕೊಂಡ ಆ ಕ್ಯಾಸೆಟ್ಟುಗಳು, ಅಚ್ಚಿನಲ್ಲಿ ಇಲ್ಲದಿದ್ದರೇನು, ಅದರೊಳಗೆ ಅಕ್ಕನ ಬಾಯಲ್ಲಿ ನಾನು ಇದ್ದೇನೆ, ಕಾಳು ಬೀಳುವ ಸದ್ದೂ ಇದೆ, ಒಂದು ಸಲ ತಂದು ಅಕ್ಕನಿಗೆ ಕೇಳಿಸಿದರೆ, ನೋಡಕ್ಕ, ಇಲ್ಲಿದ್ದೀನಿ ನಾನು, ಅಂದರೆ – ರಜೆ ಹಾಕಿ ರಾತ್ರಿ ಬಸ್ಸು ಹಿಡಿದು ಹೋದೆ, ವಿಭಾಗದ ಜವಾನ ಬೀರು ತೆರೆದ, ಇದ್ದವು, ನನ್ನ ಕೈಬರಹದ ಚೀಟಿಯ ಮೇಲೆ ಬೇರೆ ಚೀಟಿ, ಯಾವುದೋ ವಿಚಾರ ಸಂಕಿರಣದ ಭಾಷಣಗಳು, ಹೊಸಾ ಕ್ಯಾಸೆಟ್ ತರಾಕ ರೊಕ್ಕ ಮಂಜೂರ ಆಗಿರಲಿಲ್ರಿ, ಹಳೇವರ ಮ್ಯಾಲ ತುಂಬಿದ್ರು. ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತೆ, ಪಾಸಾದಾಗ ಫೋಟೊ ತೆಗೆಸಿಕೊಂಡಿದ್ದ ಬೆಂಚು ಅದು. ಹೋದವು ಮುನ್ನೂರ ಹನ್ನೆರಡು ಪದ, ಅವುಗಳೊಳಗಿನ ಗ್ಯಾನಪ್ಪರೂ ಹೋದರು, ಉಳಿದದ್ದು ಚುಕ್ಕಿ.

ಮಧ್ಯಾಹ್ನಕ್ಕೆ ರೊಟ್ಟಿ ಮಾತ್ರ ಬರುತ್ತದೆ, ಅದು ನಿಂತಿಲ್ಲ, ದಿನಾ ಹುಸೇನಬೀಯ ಕೈಯಲ್ಲಿ ಬಟ್ಟೆ ಗಂಟು ಕಳಿಸುತ್ತಾಳೆ, ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ, ಗಿರಣಿ ಹಿಟ್ಟಿನದಲ್ಲ, ಕೈಯಿಂದ ಬೀಸಿದ್ದು, ಅಂಚು ಹರಿದಿರುವುದಿಲ್ಲ, ಬಾಯಿಗಿಟ್ಟರೆ ಸಿಹಿ, ಉಣ್ಣುವಾಗ ಒಮ್ಮೊಮ್ಮೆ ಅನ್ನಿಸುತ್ತದೆ, ಇದು ಬದುಕಿದವನಿಗೆ ಕಳಿಸಿದ ಊಟವೋ, ಹೋದವನಿಗೆ ಇಟ್ಟ ಎಡೆಯೋ. ಇನ್ನು ಆ ಕೈಹಿಟ್ಟೂ ಇಲ್ಲ, ಇವತ್ತು ಅವಳೇ ಬುಟ್ಟಿ ಹೊತ್ತು ಬಂದಿದ್ದಾಳೆ, ರಟ್ಟಿ ಎತ್ತಾಕ ಬರವಲ್ದು, ಬೀಸಾಕ ಆಗವಲ್ದು, ಅಂತ ಯಾರಿಗೋ ಹೇಳುತ್ತಿದ್ದಳು, ನನಗಲ್ಲ – ಅವಳ ಪಾಳಿ ಬಂತು, ಹುಸೇನಬೀಯ ಹಿಟ್ಟು ಪೂರ್ತಿ ಇಳಿಯಲಿ, ಹಿಂದಿನವರ ಹಿಟ್ಟು ಬೆರೆತರೆ ಹೆಂಗಸರು ಸುಮ್ಮನಿರುವುದಿಲ್ಲ, ಆದರೆ ಇವರಿಬ್ಬರದೂ ಬೆರೆತರೆ ಯಾರು ಕೇಳುತ್ತಾರೆ – ಹಸಿರು ಹರಕನ್ನು ಅವಳೇ ಬಿಚ್ಚಿದಳು, ಜೋಳದೊಳಗೆ ಕೈಯಾಡಿಸಿದಳು, ಎಡಗೈ, ಒಂದು ಹಿಡಿ ತುಂಬಿಕೊಂಡು ಬೀಸುವ ಕಲ್ಲು ಎದುರಿಗಿದೆಯೇನೋ ಎಂಬಂತೆ ಚಾಚಿದಳು, ಇಲ್ಲಿ ಹಿಡಿ ಹಾಕುವ ಬಾಯಿ ಇಲ್ಲಕ್ಕ, ಮೇಲಿಂದ ಬುಟ್ಟಿಗಟ್ಟಲೆ ಸುರಿಯುವುದು, ಬುಟ್ಟಿ ಇಸಿದುಕೊಳ್ಳಲು ಕೈ ಚಾಚಿದೆ, ಅಷ್ಟರಲ್ಲಿ ಟಪ್ಪೆಂದು – ಕರೆಂಟು ಹೋಯಿತು. ಪಟ್ಟಾ ಪಟಪಟ ಎಂದು ನಿಧಾನವಾಗಿ ನಿಂತಿತು, ಎಷ್ಟು ಮೌನ, ಈ ಗಿರಣಿಯೊಳಗೆ ಇಷ್ಟು ಮೌನ ಇತ್ತೇ, ಹಿಟ್ಟು ಗಾಳಿಯಿಂದ ಮೆಲ್ಲಗೆ ಇಳಿಯುತ್ತಿದೆ, ಹೋತಾ ಶಿವನ, ಇನ್ನ ಎರಡ ತಾಸು ಬಂದಂಗ, ಎಂದು ಆಮೇಲೆ ಬಂದು ಪಾಳಿ ಹಿಡಿದಿದ್ದ ಹೆಂಗಸರು ಕಾಲು ಚಾಚಿದರು, ಹುಸೇನಬೀ ಅಕ್ಕನ ಎದುರಿಗೇ ಕುಕ್ಕರಿಸಿದಳು, ಹಂಪವ್ವಾ, ಸುಮ್ನ ಯಾಕ ಕುಂದ್ರೂದಬೇ, ಒಂದು ಪದ ಎತ್ತು, ಗಿರಣಿ ಬಂದ ಮ್ಯಾಲ ಈ ಹುಡಿಗ್ಯಾರು ಪದಾನ ಕೇಳಿಲ್ಲ, ಎತ್ತು – ಅಕ್ಕ ನೆಲ ನೋಡುತ್ತಿದ್ದಾಳೆ, ಬಲಗೈ ಗೋಣಿತಟ್ಟಿನ ಮೇಲೆ ಮೆಲ್ಲಗೆ ಸುತ್ತತೊಡಗಿತು, ಗೂಟವಿಲ್ಲ, ಕಲ್ಲಿಲ್ಲ, ಕೈ ಸುತ್ತುತ್ತಿದೆ, ದನಿ ಬಂತು, ನಾಲ್ಕು ವರ್ಷದ ಮೇಲೆ, ಒಡೆದಿದೆ, ಆದರೆ ಅದೇ ದನಿ – ಮಂದಿ ಜ್ವಾಳ ಬೀಸೀನ ಮೂಡಲ ಬೆಳಗಾಗಿ – ಹುಸೇನಬೀ ಅವಳ ಮೊಣಕಾಲು ತಟ್ಟಿದಳು, ಹಾಕಬೇ, ಹೆಸರ ಹಾಕಿ ಹೇಳು, ಎದುರಿಗೆ ನಿಂತಾನ ನಿನ್ನ ತಮ್ಮ, ಜೀವಂತ ಅದಾನ, ಎಷ್ಟ ದಿನ ಸಿಟ್ಟು ಹಿಡೀತಿ – ಅಕ್ಕನ ಕೈ ನಿಂತಿತು, ಸಿಟ್ಟು ಯಾರಿಗೈತಿ ಹುಸೇನಬೀ, ಅಂದಳು, ಮೆಲ್ಲಗೆ ಅಂದಳು, ಆದರೆ ಕರೆಂಟಿಲ್ಲದ ಗಿರಣಿಯಲ್ಲಿ ಎಲ್ಲ ಕೇಳುತ್ತದೆ, ಬರೀ ಸುತ್ತು ಬಿಟ್ಟ ಜಾಗಾದಾಗ ಹೆಸರ ಮತ್ತ ತುಂಬಬಾರದು ಅಂತ ನಮ್ಮವ್ವ ಹೇಳತಿದ್ದಳು, ತುಂಬಿದ್ರ ಇದ್ದವ್ರಿಗೇ ಕೆಡಕಂತ, ಅವಾ ತಿಳೀದ ಬಿಟ್ಟ, ನಾ ತಿಳದೂ ತಿಳದು ಹೆಂಗ ತುಂಬ್ಲಿ, ಎದುರಿಗೆ ಬಂದ್ರ ನಾಲಿಗಿ ತುದಿಗೆ ಬರತೈತಿ, ನುಂಗತೇನಿ, ಖಾಲಿ ಇರ್ಲಿ ಬಿಡ, ಅವಾ ಇರ್ಲಿ. ಇದು ನನ್ನ ನಾಲ್ಕುನೂರ ಹದಿನೆಂಟು ಪುಟದಲ್ಲಿ ಎಲ್ಲೂ ಇಲ್ಲ, ನಾನು ಕೇಳಿರಲೇ ಇಲ್ಲ, ಯಾಕಬೇ ಎಂದು ಒಮ್ಮೆ ಕೇಳಿ ಪೆನ್ನು ಮುಚ್ಚಿದ್ದೆ, ಸಿಟ್ಟು ಅಂದುಕೊಂಡೆನಲ್ಲ, ನಾಲ್ಕು ವರ್ಷ ಇವಳು ನನ್ನ ಹೆಸರನ್ನು ನುಂಗಿ ನುಂಗಿ ನನ್ನನ್ನು ಬದುಕಿಸಿಟ್ಟಿದ್ದಾಳೆ, ಅಕ್ಕಾ, ಕೆಡುಕಾಗಲಿ, ಇವತ್ತೇ ಆಗಲಿ, ಒಂದು ಸಲ ಅಂದುಬಿಡು, ತಲೆಯ ಟವೆಲ್ಲು ಎಳೆದು ಬಾಯಿಗೊತ್ತಿಕೊಂಡೆ, ಅಕ್ಕನ ಬಲಗೈ ಮತ್ತೆ ತಟ್ಟಿನ ಮೇಲೆ ಸುತ್ತತೊಡಗಿತು – ಸಾಲಿ ಕಲ್ತು ಮನಿಗಿ ಬಾರಪ್ಪ – ಬಂದೆನಕ್ಕ, ಕಲಿತು ಬಂದೆ, ಇಲ್ಲೇ ನಿಂತಿದ್ದೇನೆ, ಕಲ್ಲಿನ ಪಕ್ಕದಲ್ಲೇ – ಹೆಸರಿನ ಜಾಗ ಬಂತು, ಅವಳ ತುಟಿ ಮುಚ್ಚಿತು, ಗಂಟಲು ಒಮ್ಮೆ ನುಂಗಿತು, ಬಲಗೈ ಸದ್ದಿಲ್ಲದೆ ಒಂದು ಸುತ್ತು ಹೋಗಿ ಬಂತು, ಎಡಗೈ ಬುಟ್ಟಿಯ ಮೇಲೆ, ಮುಷ್ಟಿ, ಬಿಗಿ ಮುಷ್ಟಿ, ಬೆರಳ ಸಂದಿಯಲ್ಲಿ ಒಂದು ಜೋಳದ ಕಾಳು, ಬೀಳುತ್ತದೆ ಈಗ, ಬೀಳಲಿ, ಬೀಳುವುದಿಲ್ಲ, ಮುಷ್ಟಿ, ಆ ಮುಷ್ಟಿ –